ರೌಟರ್ ವಾಪಸ್ ಕೊಡುವಾಗ ರಸೀದಿ ಕೈಗೆ ಬರದೆ ಡಬ್ಬಿ ಬಿಡಬೇಡಿ

ರಾಯಚೂರಿನಲ್ಲಿ ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಬೇಕೆಂದಿರುವವರು, ಅದಕ್ಕಿಂತ ಮುಖ್ಯವಾಗಿ ಇರುವ ಸಂಪರ್ಕ ತೆಗೆಸಬೇಕೆಂದಿರುವವರು ಇದನ್ನು ಓದಿ. ಕಂಪನಿಯ ಹೆಸರು ಬರೆಯುತ್ತಿಲ್ಲ.

ತೀನ್ ಕಂದೀಲ್ ಹತ್ತಿರ ಛತ್ರಿ ಹಾಕಿಕೊಂಡು ಕೂತಿದ್ದ ಹುಡುಗ, "ಸರ್, ತಿಂಗಳಿಗೆ 499, ಅಳವಡಿಕೆ ಉಚಿತ, ಮತ್ತೇನೂ ಇಲ್ಲ" ಎಂದು ಚೀಟಿ ಕೊಟ್ಟಿದ್ದ. ಚೀಟಿಯ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ "ತೆರಿಗೆ ಪ್ರತ್ಯೇಕ" ಎಂದಿತ್ತು. ಶೇ. 18 ಜಿಎಸ್‌ಟಿ ಸೇರಿದರೆ 499 ಎಂಬುದು 588 ರೂಪಾಯಿ 82 ಪೈಸೆ ಆಗುತ್ತದೆ. ತೆರಿಗೆಯ ಬಗ್ಗೆ ತಕರಾರಿಲ್ಲ, ದರ ಹೇಳುವಾಗಲೇ ಸೇರಿಸಿ ಹೇಳಲು ಇವರಿಗೇನು ಕಷ್ಟ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲ ಬಿಲ್ಲು ಬಂದದ್ದು 1,551 ರೂಪಾಯಿ 74 ಪೈಸೆಗೆ. ಗ್ರಾಹಕ ಸೇವೆಗೆ ಫೋನ್ ಮಾಡಿದರೆ "ಸಿಸ್ಟಂನಲ್ಲಿ ಹಾಗೇ ತೋರಿಸುತ್ತಿದೆ ಸರ್" ಎಂಬ ಉತ್ತರ. ಬಿಲ್ಲನ್ನು ನಾನೇ ಬಿಡಿಸಿ ನೋಡಿದೆ. ಲೈನ್ ಚಾಲೂ ಆದದ್ದು ಜೂನ್ 12ರಂದು. ತಿಂಗಳ ಕೊನೆಯವರೆಗಿನ 19 ದಿನಕ್ಕೆ 316.03, ಜುಲೈ ತಿಂಗಳ ಬಾಡಿಗೆ ಮುಂಗಡವಾಗಿ 499, ಅಳವಡಿಕೆಗೆ 500, ಇಷ್ಟರ ಮೇಲೆ ಜಿಎಸ್‌ಟಿ 236.71. ಮೊದಲ ಎರಡು ಸರಿಯೇ. ಮುಂಗಡ ಬಾಡಿಗೆ ಇರುವಲ್ಲಿ ಮೊದಲ ಬಿಲ್ಲು ಯಾವಾಗಲೂ ದಪ್ಪವಾಗಿಯೇ ಬರುತ್ತದೆ. ಆದರೆ ಉಚಿತ ಅಳವಡಿಕೆ ಆರು ತಿಂಗಳ ಹಣ ಒಟ್ಟಿಗೆ ಕಟ್ಟಿದವರಿಗೆ ಮಾತ್ರವಂತೆ! ಛತ್ರಿಯ ಕೆಳಗೆ ಆ ಮಾತೇ ಬಂದಿರಲಿಲ್ಲ. ರೌಟರಿಗೆಂದು 1,000 ರೂಪಾಯಿ ಠೇವಣಿಯನ್ನು ಬೇರೆಯಾಗಿ ಕಟ್ಟಿಸಿಕೊಂಡಿದ್ದರು. "ಅನಿಯಮಿತ" ಎಂಬ ಪ್ಲಾನಿಗೂ ಸಾಮಾನ್ಯವಾಗಿ ಒಂದು ಮಿತಿ ಇರುತ್ತದೆ, ಅದು ದಾಟಿದರೆ ವೇಗ ಇಳಿಸುತ್ತಾರೆ. ಅದು ಎಷ್ಟು ಜಿಬಿ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಸಿಂಧನೂರಿಗೆ ವರ್ಗವಾದಾಗ ಸಂಪರ್ಕ ತೆಗೆಯಲು ಹೇಳಿದೆ. ಲೈನ್ ನೋಡುವ ಹುಡುಗ ಬಂದು ರೌಟರ್, ಅಡಾಪ್ಟರ್ ಎರಡನ್ನೂ ಬಿಚ್ಚಿ ಕ್ಯಾರಿಬ್ಯಾಗಿಗೆ ಹಾಕಿಕೊಂಡು ಬೈಕಿನ ಹ್ಯಾಂಡಲಿಗೆ ತಗುಲಿಸಿದ. ರಸೀದಿ ಕೇಳಿದರೆ "ಮೆಸೇಜ್ ಬರುತ್ತದೆ ಸರ್" ಎಂದ. ಬಂದ ಮೆಸೇಜು ಬೇರೆಯೇ: ಸಾಧನ ಹಿಂದಿರುಗಿಸಿಲ್ಲ, 2,500 ರೂಪಾಯಿ ಬಾಕಿ ಕಟ್ಟಿ. ಆಮೇಲೆ ವಸೂಲಿಯವರ ಫೋನುಗಳು ಶುರುವಾದವು. ಊಟಕ್ಕೆ ಕೂತ ಹೊತ್ತಿಗೇ ಅವರ ಕರೆ, ಮಾತಿನಲ್ಲಿ ಮರ್ಯಾದೆಯೂ ಇಲ್ಲ.

ನಮ್ಮನ್ನು ಉಳಿಸಿದ್ದು ನನ್ನ ಹೆಂಡತಿಯ ಅಭ್ಯಾಸ. ಮನೆ ಬದಲಿಸುವಾಗ ಆಕೆ ಪ್ರತಿ ಸಾಮಾನಿನ ಫೋಟೊ ತೆಗೆದಿಡುತ್ತಾಳೆ. ಒಂದರಲ್ಲಿ ಮಂಚದ ಮೇಲೆ ಬೋರಲು ಬಿದ್ದ ರೌಟರ್, ಅದರ ಚೀಟಿಯ ಮೇಲಿನ ಸೀರಿಯಲ್ ನಂಬರ್ ಸ್ಪಷ್ಟವಾಗಿತ್ತು. ಮತ್ತೊಂದರಲ್ಲಿ ಕ್ಯಾರಿಬ್ಯಾಗ್ ಹಿಡಿದ ಅದೇ ಹುಡುಗ.

ಫೋನಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಮೊದಲು ದೂರು ದಾಖಲಿಸಿ ದೂರು ಸಂಖ್ಯೆ ಪಡೆಯಿರಿ. ಬಗೆಹರಿಯದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆಯಾದ ಟ್ರಾಯ್‌ನ 2012ರ ನಿಯಮದಂತೆ ಕಂಪನಿಗಳಲ್ಲಿ ಅದು ಇರಬೇಕು, ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಟೆಲಿಕಾಂ ಕಂಪನಿಗಳ ಮೇಲಿನ ದೂರು ಅಲ್ಲಿ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿಯೇ ಹೇಳಿದೆ.

ನನ್ನದು ಮೇಲ್ಮನವಿಯಲ್ಲೇ ಮುಗಿಯಿತು. ಫೋಟೊ ಕಳಿಸಿದ ಮೇಲೆ 2,500 ರದ್ದಾಯಿತು, ಠೇವಣಿಯೂ ಖಾತೆಗೆ ಬಂತು. ಅಳವಡಿಕೆಯ 500 ಮಾತ್ರ ಬರಲಿಲ್ಲ. ಉಚಿತ ಎಂದು ಆ ಹುಡುಗ ಬಾಯಲ್ಲಿ ಹೇಳಿದ್ದನೇ ಹೊರತು ಚೀಟಿಯಲ್ಲಿ ಎಲ್ಲಿಯೂ ಬರೆದಿರಲಿಲ್ಲ.