ಎರಡು ಪೀಸಿನ ಸ್ಟೋಮಾ ಬ್ಯಾಗ್: ಎಂಟು ತಿಂಗಳು ಹಾಕಿಕೊಂಡ ಮೇಲೆ ಬರೆಯುತ್ತಿರುವ ರಿವ್ಯೂ

ನಾಲ್ಕು ಸ್ಟಾರ್ ಕೊಡುತ್ತೇನೆ. ಐದನೆಯದು ಯಾಕಿಲ್ಲ ಅಂತ ಕೆಳಗೆ ಬರುತ್ತದೆ, ಅದರಲ್ಲಿ ಅರ್ಧ ತಪ್ಪು ನನ್ನದೇ.

ನನಗೆ ಆಗಿರುವುದು ಇಲಿಯಾಸ್ಟಮಿ. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತಂದು ಹೊಲಿದಿದ್ದಾರೆ. ಆ ಬಾಯಿಗೇ ಸ್ಟೋಮಾ ಅನ್ನುವುದು, ಮೋಷನ್ ಅಲ್ಲಿಂದ ಬ್ಯಾಗಿಗೆ ಬೀಳುತ್ತದೆ. ಆಪರೇಷನ್ ಮೈಸೂರಿನಲ್ಲಿ ಆಯಿತು, ಮನೆ ಮಂಡ್ಯದಲ್ಲಿ. ಡಿಸ್ಚಾರ್ಜ್ ದಿನ ಕೈಗೆ ಒಂದು ಕವರ್ ಕೊಟ್ಟು, ಹತ್ತು ನಿಮಿಷ ತೋರಿಸಿ, 'ವಾರಕ್ಕೆ ಎರಡು ಸಲ ಬದಲಾಯಿಸಿ' ಅಂದರು. ಆಮೇಲೆ ಸುಮ್ನೆ ಮನೆಗೆ ಬಂದೆವು. ಆ ಹತ್ತು ನಿಮಿಷದಲ್ಲಿ ನನಗೆ ಅರ್ಥವಾಗಿದ್ದು ಕತ್ತರಿ ಎಲ್ಲಿದೆ ಅನ್ನುವುದು ಮಾತ್ರ.

ಮೊದಲು ಸಾಮಾನು ಏನು ಅಂತ ಹೇಳುತ್ತೇನೆ. ಇದರಲ್ಲಿ ಎರಡು ಭಾಗ. ಹೊಟ್ಟೆಗೆ ಅಂಟುವ ಪ್ಲೇಟ್ ಒಂದು (ನಡುವೆ ಸ್ಟೋಮಾದ ಅಳತೆಗೆ ನಾವೇ ತೂತು ಕತ್ತರಿಸಿಕೊಳ್ಳಬೇಕು), ಅದರ ಉಂಗುರಕ್ಕೆ ಟಿಫಿನ್ ಡಬ್ಬಿ ಮುಚ್ಚಳದ ಹಾಗೆ ಟಕ್ ಅಂತ ಕೂರುವ ಬ್ಯಾಗ್ ಒಂದು. ಬ್ಯಾಗಿನ ಕೆಳಗಡೆ ಬಾಯಿ ಇದೆ, ಅದನ್ನು ಬಿಚ್ಚಿ ಖಾಲಿ ಮಾಡಬಹುದು. ಒಂದೇ ಪೀಸಿನದೂ ಸಿಗುತ್ತದೆ, ಅದು ತೆಳ್ಳಗೆ, ಬಟ್ಟೆಯೊಳಗೆ ಕಾಣುವುದಿಲ್ಲ. ಆದರೆ ಅದರಲ್ಲಿ ಬ್ಯಾಗ್ ಬದಲಾಯಿಸಿದಾಗಲೆಲ್ಲ ಚರ್ಮದಿಂದ ಅಂಟು ಕೀಳಬೇಕು. ನನ್ನ ಚರ್ಮಕ್ಕೆ ಅದು ಆಗಿಬರಲಿಲ್ಲ. ಕೊಲೋಪ್ಲಾಸ್ಟ್, ಹಾಲಿಸ್ಟರ್, ಕಾನ್ವಾಟೆಕ್ ಮೂರೂ ಕಂಪನಿಯವು ನಮ್ಮ ಕಡೆ ಸಿಗುತ್ತವೆ. ನಾನು ಯಾವುದು ಹಾಕುತ್ತೇನೆ ಅಂತ ಬರೆಯುವುದಿಲ್ಲ, ಯಾಕೆಂದರೆ ನನ್ನ ಹೊಟ್ಟೆಗೆ ಕೂತಿದ್ದು ನಿಮ್ಮ ಹೊಟ್ಟೆಗೆ ಕೂರಬೇಕು ಅಂತ ಏನಿಲ್ಲ.

ಈಗ ಮುಖ್ಯ ಪ್ರಶ್ನೆ. ಎಷ್ಟು ದಿನಕ್ಕೆ ಬದಲಾಯಿಸಬೇಕು?

ಬ್ಯಾಗ್ ಖಾಲಿ ಮಾಡುವುದು ಬೇರೆ, ಪ್ಲೇಟ್ ಬದಲಾಯಿಸುವುದು ಬೇರೆ. ನಮ್ಮ ಮನೆಯಲ್ಲಿ ಮೊದಲ ವಾರ ಇದೇ ಗೊಂದಲ. ಬ್ಯಾಗ್ ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡಬೇಕು, ಹೆಚ್ಚೆಂದರೆ ಅರ್ಧ. ಅದಕ್ಕಿಂತ ಜಾಸ್ತಿ ಆದರೆ ಭಾರಕ್ಕೆ ಪ್ಲೇಟ್ ಕೆಳಗಡೆಯಿಂದ ಬಿಡಲು ಶುರುವಾಗುತ್ತದೆ. ನನಗೆ ದಿನಕ್ಕೆ ಆರು ಸಲ ಆಗುತ್ತದೆ, ರಾತ್ರಿ ಒಂದು ಸಲ ಎದ್ದೇ ಏಳಬೇಕು. ಪ್ಲೇಟ್ ಮಾತ್ರ ಮೂರು ನಾಲ್ಕು ದಿನಕ್ಕೊಮ್ಮೆ. ದೊಡ್ಡ ಕರುಳಿನ ಕೊಲಾಸ್ಟಮಿ ಆದವರಿಗೆ ಮೋಷನ್ ಗಟ್ಟಿ ಇರುವುದರಿಂದ ಪ್ಲೇಟ್ ಇನ್ನೂ ಒಂದೆರಡು ದಿನ ಜಾಸ್ತಿ ತಡೆಯಬಹುದು. ಆದರೆ ಏಳು ದಿನ ಮೀರಿ ಯಾರೂ ಇಟ್ಟುಕೊಳ್ಳಬಾರದು.

ನಾನು ಇಟ್ಟುಕೊಂಡೆ. ಒಂಬತ್ತು ದಿನ.

ಯಾಕೆ ಅಂದರೆ ದುಡ್ಡು, ಇನ್ನೇನು. ಒಂದು ಪ್ಲೇಟಿಗೆ ನಾನು ಕೊಡುವುದು ಮುನ್ನೂರರ ಆಸುಪಾಸು, ಬ್ಯಾಗ್ ಬೇರೆ, ಪೇಸ್ಟ್ ಬೇರೆ. ಗಟ್ಟಿಯಾಗಿ ಅಂಟಿಕೊಂಡಿದೆ, ಸೋರುತ್ತಿಲ್ಲ, ಯಾಕೆ ಕೀಳಬೇಕು ಅಂತ ನಾನೇ ಲೆಕ್ಕ ಹಾಕಿದೆ. ಆರನೇ ದಿನ ಒಂದು ಮೂಲೆಯಲ್ಲಿ ತುರಿಕೆ. ಬೆವರು ಅಂದುಕೊಂಡೆ. ಎಂಟನೇ ದಿನ ಉರಿ. ಒಂಬತ್ತನೇ ದಿನ ಚೆಕಪ್ ಅಂತ ಬೆಳಗಿನ ರೈಲಿನಲ್ಲಿ ಮೈಸೂರಿಗೆ ಹೊರಟೆ. ಪಾಂಡವಪುರ ದಾಟುವ ಹೊತ್ತಿಗೆ ಶರ್ಟಿನ ಒಳಗೆ ಬಿಸಿ ಬಿಸಿ ಏನೋ ಇಳಿದ ಹಾಗಾಯಿತು. ಶ್ರೀರಂಗಪಟ್ಟಣದಲ್ಲಿ ಜನ ಹತ್ತಿದರು. ನಾನು ಬ್ಯಾಗನ್ನು, ಅಂದರೆ ಊಟದ ಡಬ್ಬಿಯ ಬ್ಯಾಗನ್ನು, ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಕಿಟಕಿ ಕಡೆ ತಿರುಗಿ ಕೂತಿದ್ದೆ. ಮೈಸೂರು ಬರುವವರೆಗೆ ಕಾವೇರಿಯೂ ಕಾಣಲಿಲ್ಲ, ಏನೂ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಪ್ಲೇಟ್ ತೆಗೆದಾಗ ಸ್ಟೋಮಾದ ಕೆಳಗಡೆ ಅಂಗೈ ಅರ್ಧದಷ್ಟು ಚರ್ಮ ಕೆಂಪಾಗಿ, ಸಿಪ್ಪೆ ಸುಲಿದ ಟೊಮೆಟೊ ಹಾಗೆ ಒದ್ದೆಯಾಗಿತ್ತು. ಸಣ್ಣ ಕರುಳಿನಿಂದ ಬರುವುದರಲ್ಲಿ ಊಟ ಅರಗಿಸುವ ರಸ ಇನ್ನೂ ಇರುತ್ತದೆ, ಚರ್ಮಕ್ಕೆ ತಾಗಿದರೆ ಅದು ಚರ್ಮವನ್ನೂ ಅರಗಿಸಲು ಹೊರಡುತ್ತದೆ. ಆ ಅಮ್ಮ ಬಯ್ಯಲಿಲ್ಲ. ತೆಗೆದ ಪ್ಲೇಟನ್ನು ಕಸಕ್ಕೆ ಹಾಕುವ ಮೊದಲು ತಿರುಗಿಸಿ ನನ್ನ ಮುಂದೆ ಹಿಡಿದರು. 'ದಿನ ಎಣಿಸಬೇಡಿ, ಇದರ ಬೆನ್ನು ನೋಡಿ.'

ಎಂಟು ತಿಂಗಳಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಹೊಸ ಪ್ಲೇಟಿನ ಅಂಟು ಜೇನುಮೇಣದ ಬಣ್ಣದಲ್ಲಿ ನಯವಾಗಿರುತ್ತದೆ. ಹೈಡ್ರೋಕೊಲಾಯ್ಡ್ ಅನ್ನುತ್ತಾರೆ, ಅದು ಒದ್ದೆ ಹೀರಿಕೊಂಡು ಊದುತ್ತದೆ. ತೆಗೆದಾಗ ತೂತಿನ ಸುತ್ತ ಮಾತ್ರ ಚೂರು ಬೆಳ್ಳಗಾಗಿ, ಟೀಯಲ್ಲಿ ಅದ್ದಿದ ಬಿಸ್ಕತ್ತಿನ ಅಂಚಿನ ಹಾಗೆ ಮೆತ್ತಗಾಗಿದ್ದರೆ ನೀವು ಸರಿಯಾದ ದಿನಕ್ಕೆ ತೆಗೆದಿದ್ದೀರಿ. ಆ ಬಿಳಿ ಭಾಗ ಒಂದು ಸೆಂಟಿಮೀಟರ್ ದಾಟಿದ್ದರೆ ತಡವಾಗಿದೆ, ಮುಂದಿನ ಸಲ ಒಂದು ದಿನ ಮುಂಚೆ ತೆಗೆಯಿರಿ. ಬಿಳಿ ಭಾಗದಿಂದ ಹೊರಗಿನ ಅಂಚಿನ ಕಡೆಗೆ ಕಂದು ಬಣ್ಣದ ಸಣ್ಣ ಕಾಲುವೆ ಹರಿದಿದ್ದರೆ ಅಡಿಯಲ್ಲಿ ಆಗಲೇ ಸೋರಿದೆ ಅಂತ ಅರ್ಥ. ಹೊರಗಡೆಯಿಂದ ಗೊತ್ತಾಗದಿದ್ದರೂ ಅಷ್ಟೇ. ತುರಿಕೆ, ಉರಿ ಬಂದರಂತೂ ದಿನ ಎರಡಾಗಿರಲಿ, ಒಂದಾಗಿರಲಿ, ಆ ಕ್ಷಣವೇ ತೆಗೆಯಬೇಕು. ಮೇಲಿಂದ ಟೇಪ್ ಹಚ್ಚಿ ಮುಚ್ಚಿದರೆ ಕೊಳೆ ಒಳಗೇ ಕೂತು ಸುಡುತ್ತದೆ. ನಾನು ಟೇಪನ್ನೂ ಹಚ್ಚಿ ನೋಡಿದವನೇ ಬಿಡಿ.

ಹಾಗಂತ ದಿನಾ ಕಿತ್ತು ಹಾಕುವುದೂ ಬೇಡ. ಪಕ್ಕದ ಬೀದಿಯ ಒಬ್ಬರು ಕ್ಲೀನಾಗಿರಲಿ ಅಂತ ದಿನವೂ ತೆಗೆಯುತ್ತಿದ್ದರಂತೆ. ಅವರ ಚರ್ಮದ ಮೇಲ್ಪದರವೂ ಅಂಟಿನ ಜೊತೆಗೇ ಬಂತು.

ನನ್ನ ಎರಡನೇ ತಪ್ಪು ತೂತಿನ ಅಳತೆ. ಡಿಸ್ಚಾರ್ಜ್ ಆದಾಗ ಸ್ಟೋಮಾ 34 ಮಿಲಿಮೀಟರ್ ಇತ್ತು. ಒಂದು ರಟ್ಟಿನಲ್ಲಿ ಅಚ್ಚು ಮಾಡಿಕೊಂಡು ಪ್ರತಿ ಸಲ ಅದನ್ನೇ ಇಟ್ಟು ಕತ್ತರಿಸುತ್ತಿದ್ದೆ. ಜಾಣತನ ಅಂದುಕೊಂಡಿದ್ದೆ. ಆಪರೇಷನ್ ಆದ ಹೊಸತರಲ್ಲಿ ಸ್ಟೋಮಾ ಊದಿಕೊಂಡಿರುತ್ತದೆ, ಆರರಿಂದ ಎಂಟು ವಾರದಲ್ಲಿ ಇಳಿಯುತ್ತದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ನನ್ನ ತಲೆಗೆ ಹೋಗಿರಲಿಲ್ಲವೋ ಏನೋ. ಎರಡು ತಿಂಗಳ ಮೇಲೆ ಅಳೆದರೆ 27. ಸುತ್ತಲೂ ಮೂರು ಮಿಲಿಮೀಟರಿಗಿಂತ ಜಾಸ್ತಿ ಚರ್ಮ ಹಗಲೂ ರಾತ್ರಿ ಬಯಲಲ್ಲಿ ಕೂತಿತ್ತು. ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ಅಗಲ ಕತ್ತರಿಸಬೇಕು, ಅಂದರೆ ಎರಡೂ ಬದಿ ಸೇರಿ ಅಷ್ಟು. ತೀರಾ ಬಿಗಿಯೂ ಬೇಡ. ಸ್ಟೋಮಾಕ್ಕೆ ನೋವೇ ಗೊತ್ತಾಗುವುದಿಲ್ಲ, ಪ್ಲೇಟಿನ ಅಂಚು ಕೊರೆದರೂ ನಿಮಗೆ ತಿಳಿಯುವುದಿಲ್ಲ. ಕತ್ತರಿಸಿದ ಮೇಲೆ ಅಂಚನ್ನು ಬೆರಳಿನಿಂದ ಸವರಿ ನಯ ಮಾಡಿ.

ಜೊತೆಗೆ ಮಾರುವ ಸಾಮಾನುಗಳ ಬಗ್ಗೆ. ಪೇಸ್ಟ್ ಅಂದರೆ ಗೋಂದು ಅಂತ ಮುಕ್ಕಾಲು ಜನ ತಿಳಿದಿದ್ದಾರೆ, ನಾನೂ ಹಾಗೇ ತಿಳಿದು ಪ್ಲೇಟ್ ತುಂಬ ಬಳಿದಿದ್ದೆ. ಪೇಸ್ಟ್ ಗಾರೆ ಇದ್ದ ಹಾಗೆ. ಚರ್ಮದಲ್ಲಿ ಹಳ್ಳ, ಮಡಿಕೆ ಇದ್ದ ಕಡೆ ತುಂಬಿ ಸಮ ಮಾಡುವುದಕ್ಕೆ, ತೂತಿನ ಸುತ್ತ ತೆಳ್ಳಗೆ ಒಂದು ಗೆರೆ ಸಾಕು. ಕೆಲವು ಪೇಸ್ಟಿನಲ್ಲಿ ಆಲ್ಕೋಹಾಲ್ ಇರುತ್ತದೆ, ಚರ್ಮ ಸುಲಿದಿದ್ದರೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿಯುತ್ತದೆ. ಕೈಯಲ್ಲಿ ಎಳೆದು ಬಗ್ಗಿಸುವ ರಿಂಗ್ ಸಿಗುತ್ತದೆ, ಬೆಲೆ ಜಾಸ್ತಿ, ಆದರೆ ಉರಿಯುವುದಿಲ್ಲ. ದುಡ್ಡು ಇದ್ದರೆ ಅದನ್ನೇ ತೆಗೆದುಕೊಳ್ಳಿ. ಸ್ಟೋಮಾ ಪೌಡರ್ ಬೇಕಾಗುವುದು ಒದ್ದೆಯಾಗಿ ಸುಲಿದ ಜಾಗಕ್ಕೆ ಮಾತ್ರ. ಉದುರಿಸಿ, ಅಂಟಿದ್ದು ಅಂಟಲಿ, ಉಳಿದದ್ದನ್ನು ಪೂರ್ತಿ ಕೊಡವಿ, ಇಲ್ಲದಿದ್ದರೆ ರೊಟ್ಟಿ ಮಣೆಗೆ ಹಿಟ್ಟು ಹಾಕಿದ ಹಾಗೆ ಪ್ಲೇಟ್ ಎಲ್ಲೂ ಹಿಡಿಯುವುದೇ ಇಲ್ಲ. ಅದರ ಮೇಲೆ ಉರಿಯದ ಜಾತಿಯ ಬ್ಯಾರಿಯರ್ ಸ್ಪ್ರೇ, ಅಂದರೆ ಚರ್ಮದ ಮೇಲೆ ತೆಳ್ಳನೆ ಪದರ ಕಟ್ಟುವ ಸ್ಪ್ರೇ, ಹೊಡೆದು ಒಣಗಿಸಿ, ಬೇಕಾದರೆ ಇನ್ನೊಂದು ಸಲ ಪೌಡರ್, ಇನ್ನೊಂದು ಸಲ ಸ್ಪ್ರೇ. ನನ್ನ ಆ ಟೊಮೆಟೊ ಚರ್ಮ ಹೀಗೇ ಹನ್ನೆರಡು ದಿನದಲ್ಲಿ ಆರಿತು.

ಮನೆಮದ್ದಿನ ವಿಷಯ. ನೋಡಲು ಬಂದವರೆಲ್ಲ ಒಂದೊಂದು ಹೇಳಿದರು. ಕೊಬ್ಬರಿ ಎಣ್ಣೆ, ಅರಿಶಿನ, ಮಕ್ಕಳ ಪೌಡರ್. ಪ್ರೀತಿಗೆ ಹೇಳುತ್ತಾರೆ, ಇಲ್ಲ ಅನ್ನಲಾಗುವುದಿಲ್ಲ, ತೆಗೆದುಕೊಂಡು ಒಳಗಿಡಿ. ಎಣ್ಣೆ ತಾಗಿದ ಚರ್ಮಕ್ಕೆ ಪ್ಲೇಟ್ ಅಂಟುವುದಿಲ್ಲ, ಅಷ್ಟೇ ಕಥೆ. ಮೈಸೂರು ಸ್ಯಾಂಡಲ್ ಸೋಪ್ ಮೈಗೆ ಸರಿ, ಇಲ್ಲಿಗೆ ಬೇಡ, ವಾಸನೆ ಸೋಪುಗಳ ಜಿಡ್ಡು ಉಳಿಯುತ್ತದೆ. ಸ್ಪಿರಿಟ್, ಸ್ಯಾನಿಟೈಸರ್, ಮಗುವಿಗೆ ಒರೆಸುವ ಒದ್ದೆ ಟಿಶ್ಯೂ ಯಾವುದೂ ಬೇಡ. ಉಗುರು ಬೆಚ್ಚಗಿನ ನೀರು, ಹಳೆ ಪಂಚೆಯ ಬಟ್ಟೆ, ಮುಗಿಯಿತು. ಒರೆಸುವಾಗ ಸ್ಟೋಮಾದಿಂದ ಒಂದೆರಡು ಹನಿ ರಕ್ತ ಬಂದರೆ ಹೆದರಬೇಡಿ, ಅದು ನಮ್ಮ ವಸಡಿನ ಹಾಗೆ. ಸ್ಟೋಮಾ ಕೆಂಪಾಗಿ ಹಸಿಯಾಗಿ ಇರಬೇಕು. ನೇರಳೆಯೋ ಕಪ್ಪೋ ಆದರೆ, ರಕ್ತ ನಿಲ್ಲದಿದ್ದರೆ, ಅಥವಾ ಏನೂ ಬರದೆ ಹೊಟ್ಟೆ ನುಲಿಯುತ್ತಿದ್ದರೆ ಇದನ್ನೆಲ್ಲ ಓದುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ನಾನು ಬದಲಾಯಿಸುವುದು ಬೆಳಗ್ಗೆ ಐದೂವರೆಗೆ, ಕಾಫಿಗೆ ಮುಂಚೆ. ಹೊಟ್ಟೆಗೆ ಏನೂ ಬಿದ್ದಿರದ ಹೊತ್ತಿನಲ್ಲಿ ಸ್ಟೋಮಾ ಸುಮ್ಮನಿರುತ್ತದೆ. ಒಂದು ಸಲ ಉಪ್ಪಿಟ್ಟು ತಿಂದು ಮಾಡಲು ಹೋಗಿ, ಒರೆಸಿದಷ್ಟೂ ಬರುತ್ತಲೇ ಇತ್ತು, ಮುಕ್ಕಾಲು ಗಂಟೆ ಬಚ್ಚಲಲ್ಲೇ ನಿಂತಿದ್ದೆ. ಹೊಸ ಪ್ಲೇಟನ್ನು ಮೊದಲೇ ಕತ್ತರಿಸಿ ಕಂಕುಳಲ್ಲಿ ಇಟ್ಟುಕೊಳ್ಳುತ್ತೇನೆ, ಬೆಚ್ಚಗಾದರೆ ಚೆನ್ನಾಗಿ ಹಿಡಿಯುತ್ತದೆ. ಹಳೆಯದನ್ನು ಮೇಲಿಂದ ಕೆಳಕ್ಕೆ, ಒಂದು ಕೈಯಲ್ಲಿ ಚರ್ಮ ಒತ್ತಿಕೊಂಡು ನಿಧಾನಕ್ಕೆ ಬಿಡಿಸುತ್ತೇನೆ. ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗುವವರೆಗೆ ನಮ್ಮಾಕೆ ಬೀಸಣಿಗೆ ಬೀಸುತ್ತಾಳೆ. ಅಂಟಿಸಿದ ಮೇಲೆ ಅಂಗೈಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು. ಈ ಎರಡು ನಿಮಿಷ ತಪ್ಪಿಸಿದ ದಿನವೆಲ್ಲ ಪ್ಲೇಟ್ ಒಂದು ದಿನ ಮೊದಲೇ ಬಿಟ್ಟಿದೆ.

ಬೇಸಿಗೆಗೆ ಲೆಕ್ಕ ಬದಲಾಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಮಂಡ್ಯದ ಬಿಸಿಲಿಗೆ ಬೆವರಿ ನಾಲ್ಕು ದಿನದ ಪ್ಲೇಟ್ ಮೂರೇ ದಿನಕ್ಕೆ ಜಾರಿತು. ಆಗ ಮೂರು ದಿನವೇ ಸರಿ. ನೀರು, ಓಆರ್‌ಎಸ್ ಮರೆಯಬೇಡಿ, ಇಲಿಯಾಸ್ಟಮಿಯವರಿಗೆ ನೀರು ಉಪ್ಪು ಎರಡೂ ಬೇಗ ಹೊರಟುಹೋಗುತ್ತವೆ.

ಮೊದಲ ಕವರ್ ಮುಗಿದ ಮೇಲೆ ಮೈಸೂರಿನ ಧನ್ವಂತ್ರಿ ರಸ್ತೆ ಕಡೆ ಒಂದು ಸರ್ಜಿಕಲ್ ಅಂಗಡಿಗೆ ಹೋಗಿದ್ದೆ. ಹೆಸರು ಬೇಡ. ಕೌಂಟರಿನಲ್ಲಿ ಐದಾರು ಜನರ ಮುಂದೆ 'ಯಾರಿಗೆ ಸಾರ್, ಮೋಷನ್ ಬ್ಯಾಗಾ?' ಅಂತ ಕೂಗಿದ. ಸರಿ, ಅದನ್ನು ನುಂಗಿಕೊಂಡೆ. ಉಂಗುರ 50 ಮಿಲಿಮೀಟರ್ ಇರುವ ಪ್ಲೇಟ್ ಕೊಟ್ಟು, ಬೇರೆ ಕಂಪನಿಯ 57ರ ಬ್ಯಾಗ್ ಕೊಟ್ಟು, 'ಎಲ್ಲಾ ಒಂದೇ, ಕೂರುತ್ತೆ' ಅಂದ. ಕೂರಲಿಲ್ಲ. ಕೂರುವುದೂ ಇಲ್ಲ. ಪ್ಲೇಟಿನ ಉಂಗುರದ ಅಳತೆಯೂ ಬ್ಯಾಗಿನ ಅಳತೆಯೂ ಒಂದೇ ಇರಬೇಕು, ಕಂಪನಿಯೂ ಒಂದೇ ಇರಬೇಕು. ವಾಪಸ್ ತೆಗೆದುಕೊಳ್ಳಲಿಲ್ಲ. ಅಲ್ಲಿ ಡಬ್ಬಗಳನ್ನು ಬಿಸಿಲು ಬೀಳುವ ಗಾಜಿನ ಪಕ್ಕ ಜೋಡಿಸಿಟ್ಟಿದ್ದರು, ಬಿಸಿಗೆ ಅಂಟು ಹಾಳಾಗುತ್ತದೆ. ನೀವೂ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡಬೇಡಿ, ಎಕ್ಸ್‌ಪೈರಿ ನೋಡಿ.

ಈಗ ಹೋಗುವ ಅಂಗಡಿ ಅಲ್ಲೇ ಎರಡು ತಿರುವು ಆಚೆ. ಪ್ಲೇಟ್ ಬಿಡಿಯಾಗಿ ಒಂದೊಂದೇ ಕೊಡುತ್ತಾರೆ, ಅಳೆಯುವ ಕಾರ್ಡು ಪುಕ್ಕಟೆ, ಮಾತು ಮೆತ್ತಗೆ. ಬೆಲೆ ಆನ್‌ಲೈನಿಗಿಂತ ಸ್ವಲ್ಪ ಜಾಸ್ತಿ, ಆದರೂ ಅಲ್ಲೇ ಕೊಳ್ಳುತ್ತೇನೆ. ರೈಲಿನ ಆ ಘಟನೆ ಆದ ಮೇಲೆ ನಾನು ಎರಡು ವಾರ ಹೊಸಿಲು ದಾಟಿರಲಿಲ್ಲ. ಈ ಅಂಟುವ ಬ್ಯಾಗ್ ಹುಟ್ಟಿದ್ದೂ ಹೀಗೇ ಅಂತ ಆಗ ಓದಿದೆ. 1954ರಲ್ಲಿ ಡೆನ್ಮಾರ್ಕಿನ ಎಲಿಸೆ ಸೊರೆನ್ಸೆನ್ ಎಂಬ ನರ್ಸ್, ತನ್ನ ಸೋದರಿ ಸೋರಿಕೆಯ ಹೆದರಿಕೆಗೆ ಮನೆಯಿಂದ ಹೊರಗೇ ಹೋಗದೆ ಕೂತಿದ್ದನ್ನು ನೋಡಿ ಇದನ್ನು ಯೋಚಿಸಿದ್ದು. ಓದಿ ಒಂಥರಾ ಸಮಾಧಾನ ಆಯಿತು, ಮಾರನೇ ದಿನ ಮಾರುಕಟ್ಟೆವರೆಗೆ ನಡೆದು ಬಂದೆ.

ಐದನೇ ಸ್ಟಾರ್ ಕಳೆದದ್ದು ಗಾಳಿ ಹೋಗುವ ಫಿಲ್ಟರಿಗೆ. ಒದ್ದೆಯಾದರೆ ಕಟ್ಟಿಕೊಳ್ಳುತ್ತದೆ, ರಾತ್ರಿ ಬ್ಯಾಗ್ ಪೂರಿಯ ಹಾಗೆ ಉಬ್ಬುತ್ತದೆ. ಸ್ನಾನಕ್ಕೆ ಮುಂಚೆ ಅದರ ಮೇಲೆ ಹಚ್ಚುವ ಸ್ಟಿಕ್ಕರ್ ಡಬ್ಬದಲ್ಲೇ ಇರುತ್ತದೆ, ಅದನ್ನು ನಾನು ಐದು ತಿಂಗಳು ಎಸೆಯುತ್ತಿದ್ದೆ.

ಆ 57ರ ಬ್ಯಾಗ್ ಎಂಟು ಇನ್ನೂ ನನ್ನ ಬೀರುವಿನಲ್ಲಿದೆ, ಒಡೆದಿಲ್ಲ, ಎಕ್ಸ್‌ಪೈರಿಗೆ ಟೈಮಿದೆ. ಮಂಡ್ಯ, ಮದ್ದೂರು ಕಡೆ ಆ ಕಂಪನಿಯ 57 ಪ್ಲೇಟ್ ಹಾಕುವವರು ಇದ್ದರೆ ಕೆಳಗೆ ಬರೆಯಿರಿ, ತಲುಪಿಸುತ್ತೇನೆ. ದುಡ್ಡು ಬೇಡ.