ಸಿಮ್ ಇಲ್ಲದ ಟ್ಯಾಬ್, ಅಟ್ಟದ ಮೇಲಿನ ಮೊಬೈಲ್: ಕೊಡಗಿನ ತೋಟದ ಮನೆಯಲ್ಲಿ ನಾಲ್ಕು ವರ್ಷ

ಶಾಲೆಗಳು ಮುಚ್ಚಿ ಪಾಠಗಳೆಲ್ಲ ಆನ್‌ಲೈನ್ ಆಗಿದ್ದ 2021ರ ಮಳೆಗಾಲದಲ್ಲಿ, ಮಗಳ ತರಗತಿಗೆಂದು ನಾಪೋಕ್ಲು ಸಮೀಪದ ನಮ್ಮ ತೋಟದ ಮನೆಗೆ ಎಂಟು ಇಂಚಿನ ಒಂದು ಆಂಡ್ರಾಯ್ಡ್ ಟ್ಯಾಬ್ ತಂದೆ. ಸಿಮ್ ಹಾಕುವ ಮಾದರಿಗೆ ಕೆಲವು ಸಾವಿರ ರೂಪಾಯಿ ಹೆಚ್ಚು ಕೊಡಬೇಕಾಗಿದ್ದುದರಿಂದ, ವೈ-ಫೈ ಮಾತ್ರ ಇರುವುದನ್ನು ಕೊಂಡು ನನ್ನ ಮೊಬೈಲ್‌ನ ಹಾಟ್‌ಸ್ಪಾಟ್‌ನಿಂದಲೇ ಇಂಟರ್‌ನೆಟ್ ಕೊಡುವುದೆಂದು ನಿರ್ಧರಿಸಿದೆ. ತರಗತಿಗಳು ಮುಗಿದ ಮೇಲೆ ಟ್ಯಾಬ್ ನನ್ನ ಕೈಗೆ ಬಂತು. ಈಗ ಅದರಲ್ಲಿ ತೋಟದ ಲೆಕ್ಕ, ಆಳುಗಳ ಹಾಜರಿ, ಇಂಚು-ಸೆಂಟುಗಳಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುವ ಮಳೆಯ ದಾಖಲೆ, ಹವಾಮಾನದ ಮುನ್ಸೂಚನೆ, ಕಾಫಿಯ ದರ ಎಲ್ಲವೂ ಇವೆ. ನಾಲ್ಕು ವರ್ಷಗಳ ಬಳಕೆಯ ನಂತರ ನನಗೆ ಖಚಿತವಾಗಿರುವುದು ಇಷ್ಟು: ನಮ್ಮಂಥ ಕಡೆ ಈ ವ್ಯವಸ್ಥೆ ಚೆನ್ನಾಗಿ ನಡೆಯುವುದೂ ಕೈಕೊಡುವುದೂ ಟ್ಯಾಬ್‌ಗಿಂತ ಹೆಚ್ಚಾಗಿ ಮೊಬೈಲನ್ನು ಮನೆಯಲ್ಲಿ ಎಲ್ಲಿ ಇಡುತ್ತೇವೆ ಎಂಬುದನ್ನು ಅವಲಂಬಿಸಿದೆ.

ಮೊದಲ ಕೆಲವು ತಿಂಗಳು ನಾನು ಮೊಬೈಲನ್ನು ಟ್ಯಾಬ್‌ನ ಪಕ್ಕದಲ್ಲೇ, ಜಗಲಿಯ ಮೇಜಿನ ಮೇಲೆ ಇಡುತ್ತಿದ್ದೆ. ಎರಡೂ ಹತ್ತಿರವಿದ್ದರೆ ವೇಗ ಹೆಚ್ಚುತ್ತದೆ ಎಂಬುದು ನನ್ನ ತಿಳಿವಳಿಕೆಯಾಗಿತ್ತು, ಅದು ತಪ್ಪು. ಟ್ಯಾಬ್‌ನಲ್ಲಿ ವೈ-ಫೈ ಗೆರೆಗಳು ಪೂರ್ತಿ ಕಾಣುತ್ತಿದ್ದವು, ಪಾಠ ಮಾತ್ರ ನಿಂತು ನಿಂತು ಬರುತ್ತಿತ್ತು. ಆ ಗೆರೆಗಳು ತೋರಿಸುವುದು ಟ್ಯಾಬ್ ಮತ್ತು ಮೊಬೈಲ್ ನಡುವಿನ ಸಂಪರ್ಕವನ್ನೇ ಹೊರತು, ಮೊಬೈಲ್ ಮತ್ತು ಟವರ್ ನಡುವಿನ ಸಂಪರ್ಕವನ್ನಲ್ಲ. ನಮ್ಮ ಮನೆಯಿರುವುದು ಗುಡ್ಡದ ಇಳಿಜಾರಿನಲ್ಲಿ; ಜಗಲಿಯ ಎದುರು ಸಿಲ್ವರ್ ಓಕ್ ಮರಗಳ ಸಾಲು, ಅದರಾಚೆ ಏರು. ಟವರ್ ಇರುವುದು ಮನೆಯ ಹಿಂಬದಿಯ ದಿಕ್ಕಿನಲ್ಲಿ. ಮೊಬೈಲನ್ನು ಅಟ್ಟಕ್ಕೆ ಒಯ್ದು, ಆ ದಿಕ್ಕಿಗೆ ತೆರೆಯುವ ಕಿಟಕಿಯ ಬಳಿ ಒಂದು ಬಟ್ಟೆಯ ಚೀಲದಲ್ಲಿ ತೂಗುಹಾಕಿದ ದಿನದಿಂದ ಪಾಠ ನಿಲ್ಲುವುದು ಬಹುಮಟ್ಟಿಗೆ ತಪ್ಪಿತು. ಮತ್ತೊಂದು ಲಾಭವನ್ನೂ ಗಮನಿಸಿದೆ. ಸಿಗ್ನಲ್ ದುರ್ಬಲವಾಗಿರುವಲ್ಲಿ ಮೊಬೈಲ್ ಟವರನ್ನು ತಲುಪಲು ಹೆಚ್ಚಿನ ಶಕ್ತಿ ಬಳಸಬೇಕಾಗುವುದರಿಂದ ಬಿಸಿಯೇರಿ ಬ್ಯಾಟರಿ ಬೇಗ ಇಳಿಯುತ್ತದೆ. ಜಗಲಿಯಲ್ಲಿ ಮಧ್ಯಾಹ್ನದೊಳಗೆ ಖಾಲಿಯಾಗುತ್ತಿದ್ದ ಅದೇ ಮೊಬೈಲ್ ಅಟ್ಟದ ಮೇಲೆ ಸಂಜೆಯವರೆಗೂ ಬರತೊಡಗಿತು.

ಅಟ್ಟದಿಂದ ಜಗಲಿಗೆ ವೈ-ಫೈ ತಲುಪಬೇಕಾದರೆ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 5 ಗಿಗಾಹರ್ಟ್ಸ್ ಬದಲು 2.4 ಗಿಗಾಹರ್ಟ್ಸ್ ಆರಿಸಿಕೊಳ್ಳಬೇಕು. ವೇಗ ತುಸು ಕಡಿಮೆಯಾದರೂ ಅದು ದಪ್ಪ ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟುತ್ತದೆ. ನೆರೆಮನೆಗಳು ಒತ್ತಿಕೊಂಡಿರುವ ಪೇಟೆಯಲ್ಲಿ 2.4ರಲ್ಲಿ ಗದ್ದಲ ಹೆಚ್ಚಿರಬಹುದು, ತೋಟದ ಮನೆಯಲ್ಲಿ ಆ ತೊಂದರೆಯಿಲ್ಲ. ಹಳೆಯ ಟ್ಯಾಬ್ ಅಥವಾ ಓದುವ ಸಾಧನಗಳಲ್ಲಿ ಎಷ್ಟೋ 5 ಗಿಗಾಹರ್ಟ್ಸ್ ಜಾಲವನ್ನು ಗುರುತಿಸುವುದೇ ಇಲ್ಲ. ಹಾಟ್‌ಸ್ಪಾಟ್ ಹೆಸರು ಪಟ್ಟಿಯಲ್ಲಿ ಕಾಣುತ್ತಿಲ್ಲ ಎಂದು ನನ್ನನ್ನು ಕೇಳಿದ ಇಬ್ಬರು ನೆಂಟರ ಸಮಸ್ಯೆ ಇದೇ ಆಗಿತ್ತು. ಯಾರೂ ಬಳಸದಿದ್ದಾಗ ಹಾಟ್‌ಸ್ಪಾಟ್ ತಾನಾಗಿಯೇ ಆಫ್ ಆಗುವ ಆಯ್ಕೆಯನ್ನೂ ತೆಗೆದುಬಿಡಬೇಕು, ಇಲ್ಲವಾದರೆ ಪ್ರತಿ ಸಲ ಅಟ್ಟ ಹತ್ತಬೇಕಾಗುತ್ತದೆ.

ಕರೆಗಳ ವಿಷಯದಲ್ಲಿ ನನಗೆ ಉತ್ತರ ಸಿಗಲು ಒಂದು ವರ್ಷವೇ ಬೇಕಾಯಿತು. ಮೊಬೈಲ್‌ಗೆ ಕರೆ ಬಂದಾಗಲೆಲ್ಲ ಟ್ಯಾಬ್‌ನ ಇಂಟರ್‌ನೆಟ್ ನಿಲ್ಲುತ್ತಿತ್ತು. 4ಜಿ ಜಾಲದಲ್ಲಿ ವೋಲ್ಟಿ (VoLTE, ಅಂದರೆ ಕರೆಯೂ 4ಜಿ ಮೂಲಕವೇ ಹೋಗುವ ಸೌಲಭ್ಯ) ಚಾಲೂ ಇಲ್ಲದಿದ್ದರೆ ಕರೆಗಾಗಿ ಮೊಬೈಲ್ ಹಳೆಯ ಜಾಲಕ್ಕೆ ಇಳಿಯುತ್ತದೆ, ಆಗ ಡೇಟಾ ನಿಲ್ಲುತ್ತದೆ ಅಥವಾ ತೆವಳುತ್ತದೆ. ನಾನು ಆ ಆಯ್ಕೆಯನ್ನು ಚಾಲೂ ಮಾಡಿದ ಮೇಲೂ ಕೆಲವು ಕರೆಗಳಿಗೆ ತೊಂದರೆ ಉಳಿಯಿತು, ಏಕೆಂದರೆ ಅವು ಬರುತ್ತಿದ್ದುದು ಎರಡನೆಯ ಸಿಮ್‌ಗೆ. ಸಾಮಾನ್ಯ ಎರಡು ಸಿಮ್‌ಗಳ ಮೊಬೈಲ್‌ಗಳಲ್ಲಿ ಒಂದರಲ್ಲಿ ಮಾತನಾಡುವಾಗ ಇನ್ನೊಂದರ ಡೇಟಾ ತಡೆದುಹೋಗುವುದುಂಟು. ತರಗತಿಯ ನಡುವೆ ಮಗಳು ಎಷ್ಟೋ ಸಲ ಶಿಕ್ಷಕರ ಪ್ರಶ್ನೆಗೆ ಉತ್ತರಿಸಲಾಗದೆ ಕುಳಿತದ್ದು ಇದರಿಂದಲೇ ಎಂದು ತಡವಾಗಿ ತಿಳಿದಾಗ ಬಹಳ ಬೇಸರವಾಯಿತು.

ಮಳೆಗಾಲದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ ಎಂಬುದು ನಮ್ಮಲ್ಲಿ ಎಲ್ಲರ ಮಾತು. ಆದರೆ ಮೊಬೈಲ್ 4ಜಿ ಬಳಸುವ ತರಂಗಗಳನ್ನು ಮಳೆಹನಿಗಳು ತಡೆಯುವುದು ಅತ್ಯಲ್ಪ. ನೀರು ಹಿಡಿದ ದಟ್ಟ ಎಲೆಗಳು ಅದಕ್ಕಿಂತ ಹೆಚ್ಚು ತಡೆಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಮರ ಬಿದ್ದು ಕರೆಂಟ್ ಹೋದ ಮೇಲೆ ಟವರಿನ ಬ್ಯಾಟರಿ ಮುಗಿದರೆ ಊರಿಗೆ ಊರೇ ಮೌನವಾಗುತ್ತದೆ. ಕಕ್ಕಡದ (ಜುಲೈ-ಆಗಸ್ಟ್ ನಡುವೆ ಬರುವ ಕೊಡವ ತಿಂಗಳು) ಮಳೆಯಲ್ಲಿ ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ದಿನಗಳನ್ನು ಕಂಡವರಿಗೆ ಹವಾಮಾನದ ಒಂದು ಸೂಚನೆ ಸಮಯಕ್ಕೆ ತಲುಪುವುದರ ಬೆಲೆ ಗೊತ್ತು. ಅಂಥ ದಿನಗಳಲ್ಲಿ ಟವರ್ ಜೀವಂತವಿರುವಷ್ಟು ಹೊತ್ತು ಮೊಬೈಲ್ ಬ್ಯಾಟರಿಯೂ ಉಳಿದಿರಬೇಕೆಂದು ನಾನು ವೈ-ಫೈ ಬಿಟ್ಟು ಬ್ಲೂಟೂತ್ ಮೂಲಕ ಇಂಟರ್‌ನೆಟ್ ಹಂಚಿಕೊಳ್ಳುತ್ತೇನೆ. ಮೊಬೈಲ್‌ನಲ್ಲಿ ಬ್ಲೂಟೂತ್ ಟೆದರಿಂಗ್ ಚಾಲೂ ಮಾಡಿ, ಟ್ಯಾಬನ್ನು ಜೋಡಿಸಿ, ಟ್ಯಾಬ್‌ನ ಬ್ಲೂಟೂತ್ ಪಟ್ಟಿಯಲ್ಲಿ ಆ ಮೊಬೈಲ್‌ನ ಹೆಸರಿನಡಿ ಇಂಟರ್‌ನೆಟ್ ಬಳಕೆಯ ಆಯ್ಕೆಗೆ ಒಪ್ಪಿಗೆ ಕೊಟ್ಟರೆ ಸಾಕು. ಇದರ ವೇಗ ಸೆಕೆಂಡಿಗೆ ಹೆಚ್ಚೆಂದರೆ 2 ಮೆಗಾಬಿಟ್ ಆಸುಪಾಸು, ಮೊಬೈಲ್ ಅದೇ ಕೋಣೆಯಲ್ಲಿರಬೇಕು, ವಿಡಿಯೊ ನೋಡುವ ಆಸೆ ಇಟ್ಟುಕೊಳ್ಳಬಾರದು. ಆದರೆ ಸಂದೇಶ, ಮಿಂಚಂಚೆ, ಮಳೆಯ ಮುನ್ಸೂಚನೆಗೆ ಇದು ಧಾರಾಳವಾಗಿ ಸಾಲುತ್ತದೆ ಮತ್ತು ಬ್ಯಾಟರಿಯ ಖರ್ಚು ವೈ-ಫೈ ಹಾಟ್‌ಸ್ಪಾಟ್‌ಗಿಂತ ಕಣ್ಣಿಗೆ ಕಾಣುವಷ್ಟು ಕಡಿಮೆ. ಇಷ್ಟು ಉಪಯುಕ್ತವಾದ ಸೌಲಭ್ಯವನ್ನು ಬಳಸುವವರು ಬಹಳ ಕಡಿಮೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಡೇಟಾ ಖರ್ಚಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಟ್ಯಾಬ್ ಹಾಟ್‌ಸ್ಪಾಟನ್ನು ಮನೆಯ ವೈ-ಫೈ ಎಂದು ಭಾವಿಸಿ ದೊಡ್ಡ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳದಂತೆ, ಆ ಜಾಲದ ಸೆಟ್ಟಿಂಗ್‌ನಲ್ಲಿ ಅದನ್ನು ಮಿತಿಯುಳ್ಳ ಸಂಪರ್ಕವೆಂದು ಗುರುತಿಸಿಡಿ. ಅಪ್‌ಡೇಟ್‌ಗಳನ್ನು ನಾನು ಮಡಿಕೇರಿಯಲ್ಲಿ ತಂಗಿಯ ಮನೆಗೆ ಹೋದಾಗ ಮುಗಿಸಿಕೊಳ್ಳುತ್ತೇನೆ.

ಈ ವ್ಯವಸ್ಥೆಯ ನಿಜವಾದ ಕೊರತೆ ಒಂದೇ: ಮೊಬೈಲ್ ನನ್ನ ಜೇಬಿನಲ್ಲಿ ಹೊರಟರೆ ಮನೆಯಲ್ಲಿರುವ ಟ್ಯಾಬ್‌ಗೆ ಇಂಟರ್‌ನೆಟ್ ಇಲ್ಲ. ಇದಕ್ಕಾಗಿ 2023ರಲ್ಲಿ ಹಳೆಯ ಮೊಬೈಲೊಂದಕ್ಕೆ ಬೇರೆ ಸಿಮ್ ಹಾಕಿ ಅಟ್ಟದ ಕಿಟಕಿಯಲ್ಲೇ ಬಿಟ್ಟೆ. ಹಗಲಿರುಳೂ ಚಾರ್ಜರ್‌ನಲ್ಲಿಟ್ಟದ್ದು ನನ್ನ ತಪ್ಪು. ವರ್ಷದೊಳಗೆ ಅದರ ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಮೇಲೆದ್ದಿತು. ಉಬ್ಬಿದ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ತಕ್ಷಣ ತೆಗೆಸಿ ಹೊಸದು ಹಾಕಿಸಿದೆ. ಈಗ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ಚಾರ್ಜ್ ಆಗುವಂತೆ ಟೈಮರ್ ಇರುವ ಪ್ಲಗ್‌ಗೆ ಜೋಡಿಸಿದ್ದೇನೆ. ಎರಡನೆಯ ಸಿಮ್‌ನ ರೀಚಾರ್ಜ್ ಖರ್ಚನ್ನೂ ಸೇರಿಸಿ ನೋಡಿದರೆ, ಒಬ್ಬರೇ ಇರುವವರು ಅಥವಾ ದಿನವೂ ತೋಟ ಸುತ್ತುವವರು ಸಿಮ್ ಇರುವ ಟ್ಯಾಬನ್ನೇ ಕೊಳ್ಳುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಮಾತ್ರ ಅಟ್ಟದ ಆ ಮೊಬೈಲ್‌ನಿಂದ ಟ್ಯಾಬ್, ಮಗಳ ಲ್ಯಾಪ್‌ಟಾಪ್, ಅವಳ ಅಜ್ಜಿಯ ಮೊಬೈಲ್ ಮೂರಕ್ಕೂ ಇಂಟರ್‌ನೆಟ್ ಸಿಗುತ್ತಿದೆ. ಸಿಮ್ ಇರುವ ಟ್ಯಾಬನ್ನು ಕಿಟಕಿಯಲ್ಲಿ ತೂಗುಹಾಕಿ ಜಗಲಿಯಲ್ಲಿ ಕುಳಿತು ಲೆಕ್ಕ ಬರೆಯಲು ಆಗುತ್ತಿರಲಿಲ್ಲ.