ಹೊಸ ಬೇಟೆ ರೈಫಲ್ ಕೊಳ್ಳುವವರೇ, ಫಾರ್ಮಿಗೆ ಸಹಿ ಹಾಕುವ ಮೊದಲು ಟ್ರಿಗರ್ ಪರೀಕ್ಷೆ ಮಾಡಿ

ಅಮೆರಿಕದಲ್ಲಿ ಹೊಸ ಬೋಲ್ಟ್ ಆ್ಯಕ್ಷನ್ ರೈಫಲ್ ತಗೊಳ್ಳಲು ಹೊರಟಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಗಡಿಯವರು 'ಹೊಚ್ಚ ಹೊಸದು' ಎಂದು ಕೊಟ್ಟ ರೈಫಲ್‌ನಿಂದ, ನಾನು ಟ್ರಿಗರ್ ಮುಟ್ಟದೆಯೇ ಈಡು ಹಾರಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂಗಡಿಯವರು ರೈಫಲ್ ವಾಪಸ್ ತಗೊಳ್ಳಲಿಲ್ಲ, ತಯಾರಿಸಿದ ಕಂಪನಿ ವಾರಂಟಿ ಇಲ್ಲ ಎಂದಿತು. ಇಬ್ಬರ ನಡುವೆ ನಾನು ಸಿಕ್ಕಿಕೊಂಡೆ. ನಿಮಗೆ ಹಾಗಾಗುವುದು ಬೇಡ.

ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಇಲ್ಲಿ ಜಿಂಕೆ ಬೇಟೆ ಎಂದರೆ ಊರಿಗೆ ಊರೇ ಎದ್ದು ಹೊರಡುವ ಹಬ್ಬ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಮುಗಿದ ಮೇಲಿನ ಶನಿವಾರ ರೈಫಲ್ ಸೀಸನ್ ಶುರು. 2018ರವರೆಗೂ ಅದು ಸೋಮವಾರ ಶುರುವಾಗುತ್ತಿತ್ತು, ಆವತ್ತು ಹಳ್ಳಿ ಕಡೆಯ ಎಷ್ಟೋ ಶಾಲೆಗಳಿಗೆ ರಜೆಯೇ ಇರುತ್ತಿತ್ತು. ಈ ರಾಜ್ಯದಲ್ಲಿ ಸೆಮಿ ಆಟೊಮ್ಯಾಟಿಕ್ (ಪ್ರತಿ ಈಡಿನ ನಂತರ ತಾನೇ ಮುಂದಿನ ತೋಟಾ ತುಂಬಿಕೊಳ್ಳುವ) ರೈಫಲ್‌ನಿಂದ ಜಿಂಕೆ ಹೊಡೆಯುವಂತಿಲ್ಲ. ಹಾಗಾಗಿ ಹೆಚ್ಚಿನವರ ಕೈಯಲ್ಲಿ ಇರುವುದು ಬೋಲ್ಟ್ ಆ್ಯಕ್ಷನ್. ಪ್ರತಿ ಈಡಿಗೂ ಬೋಲ್ಟಿನ ಹಿಡಿಕೆ ಎತ್ತಿ ಹಿಂದಕ್ಕೆ ಎಳೆದು, ಖಾಲಿ ತೋಟಾ ಆಚೆ ಹಾಕಿ, ಮುಂದಕ್ಕೆ ತಳ್ಳಿ ಹೊಸದನ್ನು ಒಳಗೆ ಕೂರಿಸಬೇಕು. 1898ರ ಮೌಸರ್ ರೈಫಲ್‌ನಿಂದ ಇಂದಿನವರೆಗೆ ಈ ಕ್ರಮ ದೊಡ್ಡದಾಗಿ ಬದಲಾಗಿಲ್ಲ. ಗಟ್ಟಿ, ಸರಳ, ನಂಬಬಹುದು. ಅದಕ್ಕೇ ಜನ ಅದನ್ನು ಇಷ್ಟಪಡುತ್ತಾರೆ. ನನಗೂ ಅದು ಅಂದರೆ ಪ್ರೀತಿ.

ಊರಿನಿಂದ ಓದುತ್ತಿರುವವರಿಗೆ ಒಂದು ಮಾತು. ಇದು ಇಲ್ಲಿಯ ವಿಷಯ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಂತೆ ಕಾಡುಪ್ರಾಣಿ ಬೇಟೆ ಅಪರಾಧ. ಕೊಡವರಿಗೆ, ಜಮ್ಮಾ ಜಮೀನಿನವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ ನಿಜ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ಬೇಟೆಗಲ್ಲ.

ಈಗ ನಡೆದದ್ದು ಹೇಳುತ್ತೇನೆ. ನವೆಂಬರ್ ತಿಂಗಳು, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ನಾನು ಕೇಳಿದ ಮಾದರಿ, .308 ವಿಂಚೆಸ್ಟರ್ ತೋಟಾ ಹಾಕುವಂಥದ್ದು, ಕೌಂಟರ್ ಹಿಂದಿನ ಗೋಡೆಯ ಸ್ಟ್ಯಾಂಡಿನಲ್ಲಿ ನಿಂತಿತ್ತು. ಮಾರುವವನು ಇಳಿಸಿ ಕೊಟ್ಟ. "ಟ್ರಿಗರ್ ನೋಡಿ, ಎಷ್ಟು ಹಗುರ! ಈ ಬೆಲೆಗೆ ಇಂಥ ಟ್ರಿಗರ್ ಎಲ್ಲೂ ಸಿಗಲ್ಲ" ಎಂದ. ನಿಜಕ್ಕೂ ಹಗುರವಿತ್ತು. ಡಬ್ಬಿಯಲ್ಲಿರುವ ಪೀಸ್ ಕೊಡಿ ಎಂದು ಕೇಳಿದೆ. "ಉಳಿದಿರುವುದು ಇದೊಂದೇ. ಡಬ್ಬಿ ಒಳಗಿದೆ, ತರುತ್ತೇನೆ. ಒಂದು ಗುಂಡೂ ಹಾರಿಸಿಲ್ಲ, ಹೊಸದೇ" ಎಂದ. ಬಿಲ್ಲಿನಲ್ಲೂ ಹೊಸದು ಎಂದೇ ಬರೆದ.

ಆಮೇಲೆ ಫಾರ್ಮ್ 4473. ಬಂದೂಕು ಮಾರುವ ಲೈಸೆನ್ಸ್ ಇರುವ ಯಾವ ಅಂಗಡಿಯಲ್ಲಾದರೂ ಇದನ್ನು ತುಂಬಲೇಬೇಕು. ಪೆನ್ಸಿಲ್ವೇನಿಯಾದಲ್ಲಿ ರಾಜ್ಯ ಪೊಲೀಸರ ಕಂಪ್ಯೂಟರ್‌ನಲ್ಲಿ ನಮ್ಮ ಹಿನ್ನೆಲೆ ತಪಾಸಣೆ ಆಗುತ್ತದೆ. ಒಪ್ಪಿಗೆ ಬಂತು, ದುಡ್ಡು ಕೊಟ್ಟೆ, ರೈಫಲ್ ಮನೆಗೆ ಬಂತು.

ಅದೇ ವಾರ ಗುರಿ ಸರಿಮಾಡಿಕೊಳ್ಳಲು ರೇಂಜಿಗೆ ಹೋದೆ. ಜೊತೆಗೆ ಸೋಮವಾರಪೇಟೆ ಕಡೆಯ ಗೆಳೆಯರೊಬ್ಬರು ಇದ್ದರು, ನನಗಿಂತ ದೊಡ್ಡವರು. 100 ಗಜ ದೂರದಲ್ಲಿ ಗುರಿ ಹಲಗೆ. ರೈಫಲ್ ಮುಂಭಾಗ ಮರಳು ಚೀಲದ ಮೇಲೆ. ಕೆಲವು ಈಡು ಸರಿಯಾಗಿಯೇ ಹೋದವು. ಮುಂದಿನ ತೋಟಾ ತುಂಬಿ, ಸೇಫ್ಟಿ (ಈಡು ಹಾರದಂತೆ ತಡೆಯುವ ಗುಂಡಿ) ಹಾಕಿ, ಭುಜಕ್ಕೆ ಕೊಟ್ಟು, ಸ್ಕೋಪಿನಲ್ಲಿ ಕಣ್ಣಿಟ್ಟೆ. ಹೆಬ್ಬೆರಳಿನಿಂದ ಸೇಫ್ಟಿ ಮುಂದಕ್ಕೆ ತಳ್ಳಿದೆ. ತೋರುಬೆರಳು ಟ್ರಿಗರ್ ಗಾರ್ಡಿನ ಹೊರಗೆ ರೈಫಲ್‌ನ ಮರದ ಭಾಗಕ್ಕೆ (ಸ್ಟಾಕಿಗೆ) ಒತ್ತಿಕೊಂಡಿತ್ತು.

ಈಡು ಹಾರಿತು.

ನಳಿಗೆ ಹಲಗೆಯ ಕಡೆಗೇ ಇದ್ದುದರಿಂದ ಗುಂಡು ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋಗಿ ಬಿತ್ತು. ಗೆಳೆಯರು "ಅಯ್ಯೋ ಮಾರಾಯ, ಬೆರಳು ಹೊರಗೇ ಇತ್ತಲ್ಲೋ!" ಎಂದು ಎದ್ದು ನಿಂತರು. ಅವರು ಪಕ್ಕದಿಂದ ನನ್ನ ಕೈಯನ್ನೇ ನೋಡುತ್ತಿದ್ದರು. ಬೋಲ್ಟ್ ತೆರೆದು, ಮ್ಯಾಗಜೀನ್ ತೆಗೆದು, ತೋಟಾ ಕೂರುವ ಕೋಣೆ (ಚೇಂಬರ್) ಖಾಲಿ ಎಂದು ಇಬ್ಬರೂ ನೋಡಿ, ಬೆರಳು ಹಾಕಿಯೂ ಖಚಿತ ಮಾಡಿಕೊಂಡೆವು. ರೇಂಜ್ ಅಧಿಕಾರಿಯ ಮುಂದೆ ಖಾಲಿ ರೈಫಲ್‌ನಲ್ಲೇ ಪರೀಕ್ಷೆ ಮಾಡಿದೆವು. ಒಮ್ಮೆ ಏನೂ ಆಗಲಿಲ್ಲ. ಮತ್ತೆ ಮಾಡಿದಾಗ ಸೇಫ್ಟಿ ತೆಗೆದದ್ದೇ ತಡ, ತೋಟಾಕ್ಕೆ ಬಡಿದು ಈಡು ಹಾರಿಸುವ ಫೈರಿಂಗ್ ಪಿನ್ ಟಕ್ ಎಂದು ಬಿತ್ತು. ಬೋಲ್ಟನ್ನು ಸ್ವಲ್ಪ ಜೋರಾಗಿ ಮುಚ್ಚಿದಾಗಲೂ ಒಂದು ಸಲ ಬಿತ್ತು.

ಇದೇ ಕಾಡಿನಲ್ಲಿ ಆಗಿದ್ದರೆ? ಮುಂದೆ ಜೊತೆಗಾರ ನಡೆಯುತ್ತಿದ್ದರೆ? ಅದನ್ನು ನೆನೆದರೆ ಇವತ್ತಿಗೂ ಮೈ ನಡುಗುತ್ತದೆ.

ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ತೆಗೆದುಕೊಂಡು ಹೋದೆ. ಅವರು ಸ್ಟಾಕಿನ ಎರಡು ಸ್ಕ್ರೂ ಬಿಚ್ಚಿ, ಟ್ರಿಗರ್ ಜೋಡಣೆಯನ್ನು ದೀಪದ ಕೆಳಗೆ ಹಿಡಿದು ತೋರಿಸಿದರು. ಅದರಲ್ಲಿ ಪುಟ್ಟ ಪುಟ್ಟ ಸ್ಕ್ರೂಗಳಿವೆ. ಫ್ಯಾಕ್ಟರಿಯಲ್ಲಿ ಹೊಂದಿಸಿದ ಮೇಲೆ ಅವುಗಳ ತಲೆಯ ಮೇಲೆ ಒಂದು ತೊಟ್ಟು ಬಣ್ಣ ಹಾಕಿ ಮುಚ್ಚಿರುತ್ತಾರೆ, ಯಾರಾದರೂ ತಿರುಗಿಸಿದರೆ ಗೊತ್ತಾಗಲಿ ಎಂದು. ಎರಡು ಸ್ಕ್ರೂಗಳ ಮೇಲೆ ಆ ಬಣ್ಣ ಒಡೆದು ಉದುರಿತ್ತು. ಸ್ಕ್ರೂ ತಲೆಯ ಸೀಳಿನಲ್ಲಿ ಹೊಸದಾಗಿ ಕೆರೆದ ಗುರುತು ಹೊಳೆಯುತ್ತಿತ್ತು. ಗಿರಾಕಿಗೆ ಟ್ರಿಗರ್ ಹಗುರ ಅನ್ನಿಸಲಿ ಎಂದು ಯಾರೋ ಅದನ್ನು ಸಡಿಲ ಮಾಡಿದ್ದರು. ರೈಫಲ್ ನನ್ನ ಕೈಗೆ ಬಂದದ್ದು ಅಂಗಡಿಯ ಗೋಡೆಯಿಂದ. ಸ್ಟಾಕನ್ನು ನಾನು ಬಿಚ್ಚಿಯೇ ಇರಲಿಲ್ಲ.

ಒಳಗೆ ಏನಾಗುತ್ತದೆ ಎಂದು ತಿಳಿದುಕೊಂಡರೆ ಒಳ್ಳೆಯದು. ಫೈರಿಂಗ್ ಪಿನ್ ಹಿಂದೆ ಬಲವಾದ ಸ್ಪ್ರಿಂಗ್ ಇರುತ್ತದೆ. ಅದನ್ನು ತಡೆದು ಹಿಡಿಯುವ ಉಕ್ಕಿನ ತುಂಡಿಗೆ ಸಿಯರ್ ಎನ್ನುತ್ತಾರೆ. ನನ್ನ ರೈಫಲ್‌ನಂಥ ಜೋಡಣೆಯಲ್ಲಿ ಸಿಯರ್ ಕೂರುವುದು ಟ್ರಿಗರಿನ ಒಂದು ಸಣ್ಣ ಅಂಚಿನ ಮೇಲೆ. ಆ ಅಂಚು ತೀರಾ ಕಿರಿದು, ಕಣ್ಣಿಟ್ಟು ನೋಡಿದರಷ್ಟೇ ಕಾಣುತ್ತದೆ. ಸೇಫ್ಟಿ ಹಾಕಿದಾಗ ಅದು ಸಿಯರನ್ನು ಎತ್ತಿ ಹಿಡಿದಿರುತ್ತದೆ. ಸೇಫ್ಟಿ ತೆಗೆದಾಗ ಸಿಯರ್ ಮತ್ತೆ ಟ್ರಿಗರಿನ ಅಂಚಿನ ಮೇಲೆ ಕೂರಬೇಕು. ಟ್ರಿಗರ್ ಅಷ್ಟರಲ್ಲಿ ಪೂರ್ತಿ ತನ್ನ ಜಾಗಕ್ಕೆ ಬಂದಿಲ್ಲದಿದ್ದರೆ, ಅಥವಾ ಅಂಚನ್ನು ತೀರಾ ಕಮ್ಮಿ ಮಾಡಿಟ್ಟಿದ್ದರೆ, ಸಿಯರಿಗೆ ಕೂರಲು ಜಾಗವೇ ಇರುವುದಿಲ್ಲ. ಪಿನ್ ಮುಂದಕ್ಕೆ ಹಾರುತ್ತದೆ.

ಇದು ಅಂಗಡಿಯವರ ಕೈಚಳಕದಿಂದಲೇ ಆಗಬೇಕೆಂದಿಲ್ಲ. 2014ರ ಏಪ್ರಿಲ್‌ನಲ್ಲಿ ರೆಮಿಂಗ್ಟನ್ ಕಂಪನಿ ತನ್ನ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇದ್ದ ಮಾದರಿ 700 ಮತ್ತು ಮಾದರಿ ಸೆವೆನ್ ರೈಫಲ್‌ಗಳನ್ನು ವಾಪಸ್ ಕರೆಯಿತು. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದವು ಅವು. ಜೋಡಿಸುವಾಗ ಅಂಟು ಜಾಸ್ತಿ ಬಿದ್ದು, ಕೆಲವು ರೈಫಲ್‌ಗಳು ತಾವಾಗಿ ಹಾರುವ ಸಾಧ್ಯತೆ ಇತ್ತು ಎಂಬುದು ಕಾರಣ. ನನ್ನದು ಆ ರೈಫಲ್ ಅಲ್ಲ, ಆ ಕಾರಣವೂ ಅಲ್ಲ. ಆದರೆ ಹೊಸದು, ದೊಡ್ಡ ಹೆಸರು ಅಂದ ಮಾತ್ರಕ್ಕೆ ಟ್ರಿಗರ್ ನಂಬಬೇಡಿ.

ಅಂಗಡಿಗೆ ವಾಪಸ್ ಹೋದೆ. ಮ್ಯಾನೇಜರ್ ಬಿಲ್ಲಿನ ಕೆಳಗಿನ ಸಣ್ಣ ಅಕ್ಷರ ತೋರಿಸಿದ: ಬಂದೂಕು ಮಾರಾಟವಾದ ಮೇಲೆ ವಾಪಸ್ ಇಲ್ಲ. ಇಲ್ಲಿನ ಬಹಳಷ್ಟು ಬಂದೂಕು ಅಂಗಡಿಗಳ ನಿಯಮವೇ ಇದು. ತಪಾಸಣೆ ಮುಗಿದು ನಿಮ್ಮ ಕೈಗೆ ಬಂದರೆ ಅದು ಹಳೇ ಬಂದೂಕು, ಮತ್ತೆ ಹೊಸದೆಂದು ಮಾರಲು ಅವರಿಗೆ ಆಗುವುದಿಲ್ಲ. ಟಿವಿ, ಶೂ ವಾಪಸ್ ಕೊಟ್ಟು ಅಭ್ಯಾಸವಾದ ನಮಗೆ ಇದು ಹೊಳೆಯುವುದೇ ಇಲ್ಲ. "ಟ್ರಿಗರ್ ನೀವೇ ತಿರುಗಿಸಿರಬಹುದು" ಎಂದೂ ಹೇಳಿದ. ಮಾರಿದವನು ಪಕ್ಕದಲ್ಲೇ ನಿಂತಿದ್ದ, ತುಟಿ ಬಿಚ್ಚಲಿಲ್ಲ.

ಕಂಪನಿಗೆ ಕಳಿಸಿದೆ. ರಿಪೇರಿಗೆ ನಾವೇ ನೇರವಾಗಿ ಕಳಿಸಬಹುದು, ಅವರೂ ನೇರವಾಗಿ ನಮಗೇ ವಾಪಸ್ ಕಳಿಸಬಹುದು. ಹಾಗೇ ಬಂತು, ಜೊತೆಗೆ ಒಂದು ಪತ್ರ: ಸ್ಕ್ರೂ ಮೇಲಿನ ಬಣ್ಣ ಒಡೆದಿರುವುದರಿಂದ ವಾರಂಟಿ ಅನ್ವಯಿಸುವುದಿಲ್ಲ. ಅಷ್ಟರಲ್ಲಿ ಸೀಸನ್ ಮುಗಿದಿತ್ತು. ಕೊನೆಗೆ ಗನ್‌ಸ್ಮಿತ್ ಕೈಯಲ್ಲಿ ನನ್ನ ದುಡ್ಡಲ್ಲೇ ಹೊಸ ಟ್ರಿಗರ್ ಹಾಕಿಸಿದೆ.

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಬಲ ಏನಿದ್ದರೂ ಸಹಿ ಹಾಕುವ ಮೊದಲು. ಕೌಂಟರಿನಲ್ಲಿ ಎಷ್ಟೇ ನೂಕುನುಗ್ಗಲು ಇರಲಿ, ಅವಸರ ಮಾಡಬೇಡಿ. ಸಾಧ್ಯವಾದರೆ ನವೆಂಬರ್‌ನಲ್ಲಿ ಕೊಳ್ಳಲೇಬೇಡಿ, ಬೇಸಿಗೆಯಲ್ಲಿ ಹೋಗಿ. ಗೋಡೆಯ ಮೇಲಿದ್ದ ಪೀಸ್ ಬೇಡ, ಡಬ್ಬಿಯಿಂದ ತೆಗೆದದ್ದು ಕೊಡಿ ಎನ್ನಿ. ಅದಿಲ್ಲ ಎಂದರೆ ತರಿಸಿಕೊಡಲು ಹೇಳಿ, ಅಥವಾ ಬೇರೆ ಅಂಗಡಿ ನೋಡಿ. ಡಬ್ಬಿಯ ಮೇಲಿನ ಸೀರಿಯಲ್ ನಂಬರ್ ಮತ್ತು ರೈಫಲ್ ಮೇಲಿನದು ಒಂದೇ ಇದೆಯೇ ನೋಡಿ. 'ಟ್ರಿಗರನ್ನು ಅಂಗಡಿಯಲ್ಲಿ ಯಾರೂ ಹೊಂದಿಸಿಲ್ಲ' ಎಂದು ಬಿಲ್ಲಿನಲ್ಲಿ ಬರೆಸಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲೇ ಗೊತ್ತಾಯಿತಲ್ವಾ?

ಮುಖ್ಯವಾದದ್ದು ಈ ಪರೀಕ್ಷೆ. ಮೊದಲು ಅಂಗಡಿಯವರ ಅನುಮತಿ ಕೇಳಿ. ಬೋಲ್ಟ್ ತೆರೆದು, ಮ್ಯಾಗಜೀನ್ ತೆಗೆದು, ಖಾಲಿ ಎಂದು ಕಣ್ಣಿಂದಲೂ ಬೆರಳಿಂದಲೂ ಖಚಿತ ಮಾಡಿಕೊಳ್ಳಿ. ನಳಿಗೆಯನ್ನು ಜನರಿಲ್ಲದ, ಅವರು ತೋರಿಸಿದ ಕಡೆಗೇ ಹಿಡಿಯಿರಿ. ಬೋಲ್ಟ್ ಮುಚ್ಚಿ ಸೇಫ್ಟಿ ಹಾಕಿ. ಈಗ ಟ್ರಿಗರನ್ನು ಗಟ್ಟಿಯಾಗಿ ಎಳೆದು ಬಿಡಿ. ಬೆರಳು ಪೂರ್ತಿ ಆಚೆ ತೆಗೆದು, ಸೇಫ್ಟಿ ತೆಗೆಯಿರಿ. ಯಾವ ಸದ್ದೂ ಬರಬಾರದು. ಇದನ್ನು ಒಂದು ಸಲ ಮಾಡಿ ಬಿಡಬೇಡಿ, ಹಲವು ಸಲ ಮಾಡಿ, ನನ್ನದು ಒಮ್ಮೆ ಸುಮ್ಮನಿದ್ದು ಇನ್ನೊಮ್ಮೆ ಬಿದ್ದದ್ದು. ಆಮೇಲೆ ಸೇಫ್ಟಿ ಇಲ್ಲದೆ ಬೋಲ್ಟನ್ನು ಚುರುಕಾಗಿ ಮುಚ್ಚಿ ನೋಡಿ, ಸ್ಟಾಕಿನ ಹಿಂಭಾಗವನ್ನು ಅಂಗೈಯಿಂದ ತಟ್ಟಿ ನೋಡಿ. ಆಗಲೂ ಪಿನ್ ಬೀಳಬಾರದು. ಇಂದಿನ ಸೆಂಟರ್‌ಫೈರ್ (ಪಿನ್ ತೋಟಾದ ತಳದ ನಡುವೆ ಬಡಿಯುವ) ರೈಫಲ್‌ಗಳಿಗೆ ಹೀಗೆ ಖಾಲಿ ಎಳೆಯುವುದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. .22 ರಿಮ್‌ಫೈರ್ (ಪಿನ್ ತಳದ ಅಂಚಿಗೆ ಬಡಿಯುವಂಥದ್ದು) ಆದರೆ ಕೇಳಿ ಮಾಡಿ. ಪರೀಕ್ಷೆಗೆ ಬಿಡುವುದೇ ಇಲ್ಲ ಎಂದರೆ ಸುಮ್ನೆ ಎದ್ದು ಬನ್ನಿ.

ಸ್ಕೋಪ್ ಕೂರಿಸಿಯೇ ಮಾರುವ ಪ್ಯಾಕೇಜ್ ಬಗ್ಗೆಯೂ ಹುಷಾರು. 'ಬೋರ್ ಸೈಟ್ ಮಾಡಿದ್ದೇವೆ' ಎಂದರೆ ಗುರಿ ಹೆಚ್ಚುಕಮ್ಮಿ ಹಲಗೆಯ ಮೇಲಿದೆ ಎಂದಷ್ಟೇ. ರೇಂಜಿನಲ್ಲಿ ಹೊಡೆದು ಸರಿಮಾಡಿಕೊಳ್ಳಲೇಬೇಕು, ಅದಕ್ಕೂ ಮೊದಲು ಸ್ಕೋಪಿನ ಸ್ಕ್ರೂ ಬಿಗಿ ಇದೆಯೇ ನೋಡಬೇಕು. ತೋಟಾ ಅಳತೆಯ ಬಗ್ಗೆ ಜನ ದಿನಗಟ್ಟಲೆ ವಾದ ಮಾಡುತ್ತಾರೆ. ಇಲ್ಲಿನ ವೈಟ್‌ಟೇಲ್ ಜಿಂಕೆಗೆ .243, .270, .308, .30-06, 6.5 ಕ್ರೀಡ್‌ಮೂರ್ ಯಾವುದಾದರೂ ನಡೆಯುತ್ತದೆ. ಇನ್ನೂ ಜೋರಿನ ಮ್ಯಾಗ್ನಮ್ ತೋಟಾ ಬೇಕಾಗಿಲ್ಲ, ಭುಜಕ್ಕೆ ಒದೆತ ಜಾಸ್ತಿ.

ವೀಸಾದ ಮೇಲೆ ಇರುವವರು ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿ ತರಹದ ವೀಸಾದಲ್ಲಿ ಬಂದವರು ಬಂದೂಕು ಕೊಳ್ಳುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ ಸಾಮಾನ್ಯವಾಗಿ ಫೆಡರಲ್ ಅಪರಾಧ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅದಿಲ್ಲದೆ ಗೆಳೆಯರ ರೈಫಲ್ ಕೂಡ ಕೈಗೆ ತಗೊಳ್ಳಬೇಡಿ. ನನ್ನ ಹತ್ತಿರವೇ ಒಬ್ಬ ಹುಡುಗ "ಅಣ್ಣಾ, ನಿಮ್ಮ ಹೆಸರಲ್ಲಿ ಒಂದು ತಗೊಂಡು ಕೊಡಿ, ದುಡ್ಡು ನಾನು ಕೊಡ್ತೀನಿ" ಎಂದು ಕೇಳಿದ್ದ. ಆಗುವುದಿಲ್ಲ ತಮ್ಮಾ ಎಂದೆ. ಫಾರ್ಮ್ 4473ರಲ್ಲಿ ಮೊದಲಿಗೇ ಕೇಳುತ್ತಾರೆ, ನಿಜವಾಗಿ ಕೊಳ್ಳುತ್ತಿರುವುದು ನೀವೇನಾ ಎಂದು. ಕೊಳ್ಳುವ ಹಕ್ಕಿಲ್ಲದವರಿಗಾಗಿ ನಮ್ಮ ಹೆಸರಲ್ಲಿ ಕೊಂಡರೆ 2022ರ ಕಾನೂನಿನಂತೆ 15 ವರ್ಷದವರೆಗೆ ಜೈಲು. ಇಬ್ಬರ ವೀಸಾ, ಕೆಲಸ, ಸಂಸಾರ ಎಲ್ಲಾ ಬೀದಿಗೆ ಬರುತ್ತದೆ.

ಈಗಾಗಲೇ ರೈಫಲ್ ಕೊಂಡು ಮನೆಯಲ್ಲಿ ಇಟ್ಟುಕೊಂಡವರು, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಇದೇ ಪರೀಕ್ಷೆಯನ್ನು ಮಾಡಿ. ಒಂದೇ ಒಂದು ಸಲ ಪಿನ್ ಬಿದ್ದರೂ ಆ ರೈಫಲ್‌ಗೆ ಮತ್ತೆ ತೋಟಾ ತುಂಬಬೇಡಿ. ಸ್ಕ್ರೂ ಮುಟ್ಟಬೇಡಿ, ಸ್ಟಾಕ್ ಬಿಚ್ಚಬೇಡಿ. ವಿಡಿಯೊ ಮಾಡಿಕೊಂಡು, ಬಿಲ್ ಜೊತೆಗಿಟ್ಟುಕೊಂಡು, ಸೀರಿಯಲ್ ನಂಬರ್ ಹೇಳಿ ಕಂಪನಿಗೆ ಫೋನ್ ಮಾಡಿ, ಆಮೇಲೆ ಗನ್‌ಸ್ಮಿತ್ ಹತ್ತಿರ ಹೋಗಿ. ನಾನು ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ದೂರು ಕೊಟ್ಟಿದ್ದೇನೆ. ಅದು ಇತ್ಯರ್ಥವಾಗುವವರೆಗೆ ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ.